ಬೇಕಾದಷ್ಟೇ ವಿಜ್ಞಾನ

2024ರ ಏಪ್ರಿಲ್ 16ರಂದು ಸಂಯುಕ್ತ ಅರಬ್ ಎಮಿರೇಟ್ಸ್‌ನ ಅಲ್ ಐನ್ ಸೀಮೆಯ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಮಳೆ ಸುರಿಯಿತು. ಆಗುಂಬೆಯವರಿಗೆ ಇದು ಆಷಾಢದ ಒಂದು ಜೋರು ದಿನದ ಮಳೆ. ವರ್ಷವಿಡೀ ಸೇರಿಸಿದರೂ ಸುಮಾರು ನೂರು ಮಿಲಿಮೀಟರ್ ಕಾಣುವ ಮರುಭೂಮಿಗೆ, 1949ರಲ್ಲಿ ದಾಖಲೆ ಇಡಲು ತೊಡಗಿದ ಮೇಲೆ ಬಂದ ಅತಿ ದೊಡ್ಡ ಮಳೆ.

ನೀರು ಇಳಿಯುವ ಮೊದಲೇ ಜನ ಮೋಡ ಬಿತ್ತನೆಯನ್ನು ದೂರತೊಡಗಿದರು. ಅನುಮಾನಕ್ಕೆ ಆಸರೆಯೂ ಇತ್ತು: ಮೋಡಕ್ಕೆ ಉಪ್ಪಿನ ಕಣ ಎರಚುವ ವಿಮಾನಗಳು ಹಾರುವುದು ಅಲ್ ಐನ್‌ನಿಂದಲೇ. ಮಳೆ ಹೆಚ್ಚಿಸುವ ಸಂಶೋಧನೆಗೆ ಆ ಸರ್ಕಾರ 2015ರಿಂದ ಹೊರದೇಶದ ವಿಜ್ಞಾನಿಗಳಿಗೂ ಹಣ ಕೊಡುತ್ತಿದೆ. ಆದರೆ ಬಿತ್ತನೆಯು ಈಗಾಗಲೇ ಇರುವ ಮೋಡದಿಂದ ಕೊಂಚ ಹೆಚ್ಚು ನೀರು ಇಳಿಸೀತು. ಒಮಾನಿನಿಂದ ದುಬೈವರೆಗೆ ಹಬ್ಬಿದ ಮಳೆಮಾರುತವನ್ನು ಹುಟ್ಟಿಸಲಾರದು. ಹವಾಮಾನ ವಿಕೋಪಗಳ ಕಾರಣ ಅಳೆಯುವ ವಿಜ್ಞಾನಿಗಳ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ ಕೆಲವೇ ದಿನಗಳಲ್ಲಿ ಲೆಕ್ಕ ಹಾಕಿ ಹೇಳಿತು: ಬಿತ್ತನೆಯ ಪಾತ್ರ ಗಣನೆಗೆ ಬರುವಷ್ಟಿಲ್ಲ, ಎಲ್ ನಿನೋ ವರ್ಷಗಳ ಅತಿಮಳೆ ಅಲ್ಲಿ ಹಿಂದಿಗಿಂತ ಶೇ. 10ರಿಂದ 40ರಷ್ಟು ಬಿರುಸಾಗಿದೆ. ಭೂಮಿಯ ಬಿಸಿಯೇ ಕಾರಣವಿರಬೇಕು, ಆದರೆ ಕಂಪ್ಯೂಟರ್ ಮಾದರಿಗಳು ಅದನ್ನು ಖಚಿತವಾಗಿ ತೋರಿಸಿಲ್ಲ. ತಿಳಿಯದ್ದನ್ನು ತಿಳಿಯದು ಎಂದೇ ಬರೆಯುವ ಈ ಪ್ರಾಮಾಣಿಕತೆ ನನಗೆ ದೊಡ್ಡದು. ರಾಜಕಾರಣ ಮಾತ್ರ ಇದನ್ನೇ ಕೈಕಟ್ಟಿ ಕೂರಲು ನೆಪ ಮಾಡಿಕೊಳ್ಳುತ್ತದೆ.

ಆ ಮಳೆಗೆ ನಾಲ್ಕು ತಿಂಗಳ ಹಿಂದೆ ದುಬೈಯಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಾವೇಶ ಮುಗಿದಿತ್ತು. ಅದರ ಅಧ್ಯಕ್ಷ ಸುಲ್ತಾನ್ ಅಲ್ ಜಾಬರ್ ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಯ ಮುಖ್ಯಸ್ಥರೂ ಹೌದು. 2030ರೊಳಗೆ ಹಸಿರುಮನೆ ಅನಿಲಗಳು 2019ರ ಮಟ್ಟಕ್ಕಿಂತ ಶೇ. 43ರಷ್ಟು ಇಳಿಯಬೇಕು ಎಂಬ ವಿಜ್ಞಾನದ ಲೆಕ್ಕ ಒಪ್ಪಂದದೊಳಗೆ ಹಾಗೇ ಬಂತು. ತೈಲ, ಕಲ್ಲಿದ್ದಲು, ಅನಿಲಗಳಿಂದ ದೂರ ಸರಿಯಬೇಕು ಎಂದೂ ಬರೆದರು. ಎಂದಿಗೆ ನಿಲ್ಲಿಸಬೇಕೆಂದು ಬರೆಯಲಿಲ್ಲ.

ಬೇಕಾದಷ್ಟೇ ವಿಜ್ಞಾನವನ್ನು ಆರಿಸಿಕೊಳ್ಳುವುದು ನಮ್ಮಲ್ಲೂ ಇದೇ ನಡೆ. ಮಳೆ ತರಿಸುವ ವಿಜ್ಞಾನಕ್ಕೆ ಕರ್ನಾಟಕ 2017ರಲ್ಲಿ 'ವರ್ಷಧಾರಿ' ಎಂದು ಹೆಸರಿಟ್ಟು ವಿಮಾನ ಹಾರಿಸಿತು. ಗುಡ್ಡ ಕಡಿಯಬೇಡಿ ಎಂದ ವಿಜ್ಞಾನ ಮಾತ್ರ ಬೇಡವಾಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಸೆಪ್ಟೆಂಬರ್‌ನಲ್ಲೇ ರಾಜ್ಯದ ಸಚಿವ ಸಂಪುಟ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳಿಗೆ ನಿರ್ಬಂಧ ಸೂಚಿಸಿದ್ದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ತೋಟ, ಮನೆ ಕೈಬಿಟ್ಟು ಹೋದೀತೆಂಬ ಮಲೆನಾಡಿಗರ ಭಯ ನಿಜವಾದದ್ದೇ. ಅದನ್ನು ನಾನು ಹಗುರವಾಗಿ ಕಾಣಲಾರೆ. ಅದಕ್ಕೆಂದೇ, ಯಾವ ಊರಿಗೆ ಯಾವ ನಿರ್ಬಂಧ ಎಂಬುದನ್ನು ಗ್ರಾಮಸಭೆಗಳಲ್ಲಿ ಕೂತು ತೀರ್ಮಾನಿಸಿ ಎಂದು ಅದಕ್ಕೂ ಮೊದಲು ಘಟ್ಟದ ಅಧ್ಯಯನ ನಡೆಸಿದ್ದ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಹೇಳಿತ್ತು. ಪಶ್ಚಿಮ ಘಟ್ಟದ ಹೆಚ್ಚಿನ ಊರುಗಳಲ್ಲಿ ಆ ಸಭೆ ನಡೆಯಲೇ ಇಲ್ಲ.