ಕಫ್ ಪರೇಡ್ ಅತ್ತೆ, ನೊಯ್ಡಾ ಸೊಸೆ

2025ರ ಅಕ್ಟೋಬರ್ ತಿಂಗಳು ನಗಿಸುವವರ ಪಾಲಿಗೆ ಕೆಟ್ಟದಾಗಿತ್ತು. 3ರಂದು ಇಂಗ್ಲೆಂಡಿನಲ್ಲಿ ಪ್ಯಾಟ್ರಿಷಿಯಾ ರೌಟ್ಲೆಜ್ ತೀರಿಕೊಂಡರು. 96 ವರ್ಷದ ತುಂಬು ಬಾಳು. 25ರಂದು ಮುಂಬೈಯಲ್ಲಿ ಸತೀಶ್ ಶಾ ಹೋದರು, 74ಕ್ಕೇ. ಒಬ್ಬರಿಗೊಬ್ಬರು ಏನೂ ಆಗಬೇಕಾದವರಲ್ಲ. ಆದರೂ ಇಬ್ಬರನ್ನೂ ಜನ ನೆನೆದದ್ದು ಹೆಚ್ಚುಕಡಿಮೆ ಒಂದೇ ಬಗೆಯ ಧಾರಾವಾಹಿಗಾಗಿ. ಸ್ವಂತ ಮನೆಯವರಲ್ಲೇ ಮೇಲು ಕೀಳು ಎಣಿಸುವ ಹೆಂಗಸು, ಅವಳ ಎಣಿಕೆಗೆ ಸಿಗದೆ ಜಾರಿಕೊಳ್ಳುವ ನೆಂಟರಿಷ್ಟರು, ನಡುವೆ ಸಿಕ್ಕಿಕೊಂಡ ಗಂಡ.

ನಮಗೆ ಹತ್ತಿರದ್ದು ಸತೀಶ್ ಶಾ ಅವರ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’. 2004ರ ನವೆಂಬರಿನಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಶುರುವಾದ ಹಿಂದಿ ಹಾಸ್ಯ ಧಾರಾವಾಹಿ ಅದು. ಬರೆದವರು ಆತಿಶ್ ಕಪಾಡಿಯಾ, ನಿರ್ದೇಶಿಸಿದವರು ದೇವೆನ್ ಭೋಜಾನಿ. ದಕ್ಷಿಣ ಮುಂಬೈಯ ಕಫ್ ಪರೇಡ್‌ನಲ್ಲಿ ಎದುರುಬದುರು ಎರಡು ಫ್ಲ್ಯಾಟು. ಒಂದರಲ್ಲಿ ಇಂದ್ರವದನ ಸಾರಾಭಾಯಿ, ಹೆಂಡತಿ ಮಾಯಾ, ಮದುವೆಯಾಗದ ಕಿರಿಮಗ ರೋಸೇಶ್. ಈತ ಕವಿ, ನಟ, ಅಮ್ಮನ ಮುದ್ದಿನ ಕೂಸು. ಎದುರಿನ ಮನೆಯಲ್ಲಿ ಹಿರಿಮಗ ಸಾಹಿಲ್, ಕಾಸ್ಮೆಟಿಕ್ ಸರ್ಜನ್. ಅವನ ಹೆಂಡತಿ ನೊಯ್ಡಾ ಕಡೆಯ ಹುಡುಗಿ. ಅವಳ ಹೆಸರು ಮನೀಷಾ. ಆ ಹೆಸರು ತೀರಾ ಮಿಡ್ಲ್ ಕ್ಲಾಸ್ ಆಯಿತೆಂದು ಅತ್ತೆ ಅದನ್ನು ಮೋನಿಷಾ ಮಾಡಿಟ್ಟಿದ್ದಾಳೆ. ನಮ್ಮ ಕೆಲವು ಮನೆಗಳಲ್ಲೂ ಮದುವೆಯ ದಿನ ಸೊಸೆಯ ಹೆಸರು ಬದಲಿಸುತ್ತಿದ್ದರು. ಅಲ್ಲಿ ಕಡೇಪಕ್ಷ ಶಾಸ್ತ್ರದ ನೆಪವಿತ್ತು. ಮಾಯಾಳಿಗೆ ಅಷ್ಟೂ ಬೇಕಿಲ್ಲ, ನಾಲಿಗೆಗೆ ಇಂಪಾಗಿರಬೇಕು, ಮುಗಿಯಿತು.

ಮಾಯಾ ದನಿ ಏರಿಸುವವಳಲ್ಲ. ರತ್ನಾ ಪಾಠಕ್ ಶಾ ಆ ಪಾತ್ರವನ್ನು ಕಟ್ಟಿದ ರೀತಿಯನ್ನು ನಟನೆ ಕಲಿಯುವವರು ಕೂತು ನೋಡಬೇಕು. ಬೆನ್ನು ನೆಟ್ಟಗೆ, ತುಟಿಯಲ್ಲಿ ನಗು, ‘ಮೋನಿಷಾ ಬೇಟಾ’ ಎಂಬ ಮಮತೆಯ ಕರೆ. ಆಮೇಲೆ ಇಂಗ್ಲಿಷು ಹಿಂದಿ ಬೆರೆಸಿದ ಒಂದು ಉದ್ದನೆಯ ವಾಕ್ಯ. ಅದು ಮುಗಿಯುವ ಹೊತ್ತಿಗೆ ಸೊಸೆಯ ಸೀರೆ, ಸಾಂಬಾರು, ತವರು ಮೂರೂ ಮಣ್ಣುಪಾಲು. ಮೋನಿಷಾಗೆ ಅದರಲ್ಲಿ ಅರ್ಧ ತಟ್ಟುವುದೇ ಇಲ್ಲ. ತಟ್ಟಿದ್ದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅಷ್ಟರಲ್ಲಿ ಎಲ್ಲೋ ಸೇಲ್ ಹಾಕಿರುವುದು ಅವಳಿಗೆ ನೆನಪಾಗಿರುತ್ತದೆ.

ಈ ಹಾಸ್ಯದ ಜಾಣತನವೆಲ್ಲ ಇರುವುದು ಒಂದು ಏರ್ಪಾಟಿನಲ್ಲಿ ಎಂದು ನನಗನ್ನಿಸುತ್ತದೆ. ಇಬ್ಬರು ಹೆಂಗಸರ ನಡುವೆ ದುಡ್ಡಿನ ಅಂತರವನ್ನೇ ತೆಗೆದುಹಾಕಿದ್ದಾರೆ. ಮೋನಿಷಾ ಬಡವಳಲ್ಲ. ಸರ್ಜನ್ನನ ಹೆಂಡತಿ, ಇರುವುದು ಅತ್ತೆಯಿರುವ ಅದೇ ಕಟ್ಟಡದಲ್ಲಿ, ಅದೇ ಮಹಡಿಯಲ್ಲಿ. ಅವಳು ಚೌಕಾಸಿ ಮಾಡುವುದು ಕೈ ಬಿಗಿಯಾಗಿದೆಯೆಂದಲ್ಲ, ಅದರಲ್ಲಿ ಅವಳಿಗೆ ಸುಖವಿದೆ. ಒಂದಕ್ಕೆ ಒಂದು ಫ್ರೀ ಬಂದ ದಿನ ಅವಳ ಮುಖ ನೋಡಬೇಕು. ಮಾಯಾಳನ್ನು ಕಂಗೆಡಿಸುವುದು ಅದೇ. ಬಡತನವಾಗಿದ್ದರೆ ಮರುಕಪಟ್ಟು ಒಂದು ಚಾರಿಟಿ ಷೋ ಏರ್ಪಡಿಸಿಬಿಡುತ್ತಿದ್ದಳು. ಎದುರುಮನೆಯಲ್ಲೇ ಇರುವ, ದುಡ್ಡಿದ್ದೂ ಉಳಿಸುವ, ಉಳಿಸಿ ಕುಣಿಯುವ ಸೊಸೆಯನ್ನು ಯಾವ ಖಾನೆಗೆ ಹಾಕುವುದು? ದುಡ್ಡನ್ನು ಕಳೆದ ಮೇಲೆ ಉಳಿಯುವ ಅಂತಸ್ತು ಎಂದರೆ ಚಮಚ ಹಿಡಿಯುವ ರೀತಿ, ಪರದೆಯ ಬಣ್ಣ, ಉಚ್ಚಾರ. ಅದನ್ನು ಕಾಯಲು ದಿನವಿಡೀ ದುಡಿಯಬೇಕು. ಮಾಯಾ ದುಡಿಯುತ್ತಾಳೆ, ಪಾಪ.

ರೌಟ್ಲೆಜ್ ಅವರ ‘ಕೀಪಿಂಗ್ ಅಪ್ ಅಪಿಯರೆನ್ಸಸ್’ ಇದೇ ಅಂತಸ್ತಿನ ಹಾಸ್ಯವನ್ನು ರಕ್ತಸಂಬಂಧಕ್ಕೆ ಹೊಂದಿಸಿತ್ತು. ರಾಯ್ ಕ್ಲಾರ್ಕ್ ಬರೆದ ಅದು ಬಿಬಿಸಿಯಲ್ಲಿ 1990ರಿಂದ 1995ರವರೆಗೆ ಬಂತು. ಅದರಲ್ಲಿ ರೌಟ್ಲೆಜ್ ಆಡಿದ ಹಯಸಿಂತ್ ಗಂಡನ ಮನೆತನದ ಹೆಸರಾದ ಬಕೆಟ್ಟನ್ನು ‘ಬುಕೇ’ ಎಂದೇ ಕರೆಯಬೇಕೆಂದು ಹಟ ಹಿಡಿದವಳು. ಅವಳ ಅಕ್ಕತಂಗಿಯರಾದ ಡೇಸಿ, ರೋಸ್ ಇರುವುದು ಸರಕಾರಿ ವಠಾರದ ಮನೆಯಲ್ಲಿ. ಅಲ್ಲಿ ಅಂಗಳದ ಕೆಟ್ಟ ಕಾರಿನೊಳಗಿಂದ ನಾಯಿ ಬೊಗಳಿತೆಂದರೆ ಈಕೆ ಟೋಪಿ ಸಮೇತ ಬೇಲಿಯ ಮೇಲೆ ಬೀಳುತ್ತಾಳೆ. ಪಕ್ಕದ ಮನೆಯ ಎಲಿಜಬೆತ್ ಅವಳಲ್ಲಿಗೆ ಕಾಫಿಗೆ ಬಂದರೆ ಪಿಂಗಾಣಿ ಕಪ್ಪು ಒಡೆದೀತೆಂಬ ದಿಗಿಲಿಗೇ ಕೈ ನಡುಗಿ ಕಾಫಿ ಚೆಲ್ಲುತ್ತಾಳೆ. ಅದೇ ಎಲಿಜಬೆತ್ ತನ್ನ ಮನೆಯಲ್ಲಿ ನೆಮ್ಮದಿಯಾಗಿಯೇ ಕಾಫಿ ಕುಡಿಯುವವಳು. ಅಂತಸ್ತಿನ ಬಗ್ಗೆ ನಾನು ಓದಿದ ಅನೇಕ ಗಂಭೀರ ಲೇಖನಗಳಿಗಿಂತ ಆ ನಡುಗುವ ಕೈ ಹೆಚ್ಚು ಹೇಳುತ್ತದೆ.

ಇನ್ನು ಇಂದ್ರವದನ. ಸತೀಶ್ ಶಾ 1984ರಲ್ಲಿ ದೂರದರ್ಶನದ ‘ಯೇ ಜೋ ಹೈ ಜಿಂದಗಿ’ಯಲ್ಲಿ ಕಂತಿಗೊಂದು ಹೊಸ ವೇಷ ಹಾಕಿ ಮನೆಮಾತಾದವರು. ಅದಕ್ಕೆ ಒಂದು ವರ್ಷ ಮುಂಚೆ ‘ಜಾನೇ ಭೀ ದೋ ಯಾರೋ’ ಚಿತ್ರದಲ್ಲಿ ಹೆಣವಾಗಿಯೇ ಜನರನ್ನು ಬಿದ್ದುಬಿದ್ದು ನಗಿಸಿದ್ದರು. ಇಂದ್ರವದನನಾಗಿ ಅವರು ಮಾಡಿದ್ದು ಹೆಚ್ಚು ಕಷ್ಟದ ಕೆಲಸ. ಈತ ಶ್ರೀಮಂತ, ಅಂತಸ್ತಿನ ಬಗ್ಗೆ ಮೂರು ಕಾಸಿನ ಗೌರವವಿಲ್ಲ. ಸೊಸೆಯ ಪಕ್ಷ ಕಟ್ಟಿ ಹೆಂಡತಿಯನ್ನು ಕೆಣಕುವುದು, ರೋಸೇಶನ ಕವಿತೆ ಶುರುವಾದೊಡನೆ ಕೀಟಲೆಗಿಳಿಯುವುದು ಅವನ ದಿನಚರಿ. ಒಳಗಿನವನೇ ಹೀಗೆ ನಗದಿದ್ದರೆ ಮಾಯಾ ಬರೀ ಘಟವಾಣಿ ಅತ್ತೆಯಾಗುತ್ತಿದ್ದಳು. ಅವನು ನಗುವುದರಿಂದ, ನಕ್ಕೂ ಅವಳನ್ನು ಪ್ರೀತಿಸುವುದರಿಂದ, ನಮಗೂ ಅವಳನ್ನು ದ್ವೇಷಿಸಲು ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು ಸೇರಿಸಬೇಕು. ಈ ಕಫ್ ಪರೇಡ್ ಮಹಾರಾಣಿಯಾದ ರತ್ನಾ ಅವರ ತಂದೆ ಬಲದೇವ್ ಪಾಠಕ್ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಟೈಲರಿಂಗ್ ಅಂಗಡಿ ನಡೆಸುತ್ತಿದ್ದವರು. ತಾಯಿ ದೀನಾ ಪಾಠಕ್ ಗುಜರಾತಿ ರಂಗಭೂಮಿಯ ದೊಡ್ಡ ಹೆಸರು. ಇದೇ ತಂಡ ಅದಕ್ಕೆ ಮುಂಚೆ ಮಾಡಿದ ‘ಖಿಚಡಿ’ಯಲ್ಲಿ ಇಂಗ್ಲಿಷು ಸರಿಯಾಗಿ ಬಾರದ ಪೆದ್ದು ಸೊಸೆ ಹಂಸಾ ಆಗಿದ್ದವರು ರತ್ನಾರ ಸ್ವಂತ ತಂಗಿ ಸುಪ್ರಿಯಾ. ಒಂದೇ ತಾಯಿಯ ಮಕ್ಕಳು ಅಂತಸ್ತಿನ ಎರಡು ತುದಿಯನ್ನೂ ಆಡಿ ತೋರಿಸಿದರು.

ಪ್ರಸಾರವಾಗುತ್ತಿದ್ದಾಗ ‘ಸಾರಾಭಾಯಿ’ಗೆ ಟಿಆರ್‌ಪಿ ಬರಲಿಲ್ಲ. ದೇಶದ ರಾತ್ರಿಗಳು ಆಗ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ವಶದಲ್ಲಿದ್ದವು. ಅದೇ ಸ್ಟಾರ್ ಬಳಗದ ಇನ್ನೊಂದು ವಾಹಿನಿಯಲ್ಲಿ, ಅತ್ತೆ ಕಣ್ಣು ಹೊರಳಿಸಿದರೆ ಕ್ಯಾಮೆರಾ ಮೂರು ಸಲ ಎಗರುತ್ತಿತ್ತು. ಆ ಧಾರಾವಾಹಿಗಳನ್ನು ಬಿಡದೆ ನೋಡುವ ಚಟವನ್ನು ಮೋನಿಷಾಗೇ ಅಂಟಿಸಿದ್ದು ಬರೆದವರ ತುಂಟತನ. 2006ಕ್ಕೆ ಮುಗಿದ ಮೇಲೆ ಮರುಪ್ರಸಾರದಲ್ಲಿ, ಆಮೇಲೆ ಮೊಬೈಲಿನಲ್ಲಿ ಜನ ಇದನ್ನು ಕಂಡುಕೊಂಡರು. 2017ರಲ್ಲಿ ಹಾಟ್‌ಸ್ಟಾರ್‌ನಲ್ಲಿ ಎರಡನೆಯ ಆವೃತ್ತಿ ಬಂತು. ನನಗೆ ಸಪ್ಪೆಯೆನಿಸಿತು. ಅಷ್ಟು ಹೊತ್ತಿಗೆ ಕಫ್ ಪರೇಡಿನವರೂ ಮೊಬೈಲಿನಲ್ಲಿ ಡಿಸ್ಕೌಂಟ್ ಹುಡುಕತೊಡಗಿದ್ದರು, ಮೋನಿಷಾಳನ್ನು ಬೈಯಲು ಮಾಯಾಳಿಗೆ ಏನು ಉಳಿದಿತ್ತು?

ಇಷ್ಟು ಮೆಚ್ಚಿದ ಮೇಲೂ ಒಂದು ತಕರಾರಿದೆ. ಮಿಡ್ಲ್ ಕ್ಲಾಸ್ ಎಂಬ ಬೈಗುಳ ಇಷ್ಟು ಸಲೀಸಾಗಿ ಓಡಾಡುವ ಆ ಮನೆಯಲ್ಲಿ ಜಾತಿಯ ಮಾತು ನಗೆಯ ವಿಷಯವಾಗುವುದೇ ಇಲ್ಲ. ನಮ್ಮ ದೇಶದಲ್ಲಿ ಯಾರ ಮನೆಯ ಲೋಟ ಯಾರು ಮುಟ್ಟಬೇಕೆಂಬುದನ್ನು ಪಿಂಗಾಣಿಯ ಬೆಲೆಯೊಂದೇ ತೀರ್ಮಾನಿಸಿಲ್ಲ. ಅಂತಸ್ತಿನ ಬಗ್ಗೆ ನಕ್ಕು ಹಗುರಾಗುವುದು ಸುಲಭ, ಅದರ ಬುಡದಲ್ಲಿರುವುದನ್ನು ಮುಟ್ಟಿ ನಗಿಸಲು ಎದೆಗಾರಿಕೆ ಬೇಕು. ಬೆಳಗ್ಗೆ ಆ ಎರಡೂ ಫ್ಲ್ಯಾಟು ಗುಡಿಸಲು ಬರುವವಳ ಕಣ್ಣಿಗೆ ಅತ್ತೆಯೂ ಸೊಸೆಯೂ ಹೇಗೆ ಕಂಡಾರೆಂದು ಬರೆದ ಕಂತು ಇದ್ದಿದ್ದರೆ ಮಾಯಾಳ ಜತೆ ಮೋನಿಷಾಳೂ ಸಿಕ್ಕಿಬೀಳುತ್ತಿದ್ದಳು.

ಕನ್ನಡದಲ್ಲಿ ಇಂಥದ್ದಕ್ಕೆ ನೆಲ ಹದವಾಗಿಯೇ ಇದೆ. ‘ಟೊಳ್ಳು ಗಟ್ಟಿ’ ನಾಟಕದಲ್ಲಿ ಕೈಲಾಸಂ ಒಂದೇ ಮನೆಯ ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿದ್ದು ಇದೇ ಉಪಾಯದಿಂದ. ‘ಸಿಲ್ಲಿ ಲಲ್ಲಿ’ ಧಾರಾವಾಹಿಯ ಸಮಾಜ ಸೇವಕಿ ಲಲಿತಾಂಬ ಮಾಯಾಳ ದೂರದ ನೆಂಟಳೇ ಸರಿ. ಆದರೆ ನಮ್ಮ ಧಾರಾವಾಹಿಗಳು ಅಂತಸ್ತು ತೋರಿಸಲು ಹಿಡಿದಿರುವ ಅಡ್ಡದಾರಿ ನುಡಿಯದು. ಬೆಂಗಳೂರು ಮೈಸೂರಿನ ಕನ್ನಡ ಯಜಮಾನರಿಗೆ, ಧಾರವಾಡದ್ದೋ ಮಂಡ್ಯದ್ದೋ ಅಡುಗೆಯವನಿಗೆ, ಡ್ರೈವರಿಗೆ. ಒಮ್ಮೆ ಇದನ್ನು ತಿರುಗಿಸಿ ನೋಡಬಾರದೇಕೆ? ಡಾಲರ್ಸ್ ಕಾಲನಿಯಲ್ಲಿ ಎದುರುಬದುರು ಎರಡು ಮನೆ. ಕನ್ನಡ ಮಾತಾಡಿದರೆ ಕೆಲಸದವರ ಜತೆ ಮಾತ್ರ ಎನ್ನುವ ಅತ್ತೆ. ಹುಬ್ಬಳ್ಳಿಯಿಂದ ಬಂದು, ರೊಟ್ಟಿ ಬಡಿಯುತ್ತ, ಯಾವುದಕ್ಕೂ ಹಿಂಜರಿಯದ ಡಾಕ್ಟರ್ ಸೊಸೆ. ಯಾರಾದರೂ ಬರೆದರೆ ಮೊದಲ ಕಂತು ನಮಗೆ ಕಳಿಸಿ, ಅಚ್ಚುಹಾಕುತ್ತೇವೆ. ಅದಕ್ಕೂ ಮುಂಚೆ ಸೊಸೆಯ ಮಾತನ್ನೊಮ್ಮೆ ಹುಬ್ಬಳ್ಳಿಯವರಿಂದ ಓದಿಸಿರಬೇಕು. ‘ಐತ್ರಿ’, ‘ಹೌದ್ರಿ’ ಉದುರಿಸಿ ಕಳಿಸಿದರೆ ವಾಪಸು ಬರುತ್ತದೆ.