ಕೊಡದ ಕರೆಂಟಿಗೂ ಬೆಲೆ ಕಟ್ಟಿ

2023 ಬರದ ವರ್ಷ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪಟ್ಟಿಗೆ ಸೇರಿದವು. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ, ಮಳೆ ಕೈಕೊಟ್ಟಿದ್ದರಿಂದ ಪಂಪ್‌ಸೆಟ್‌ಗಳಿಗೆ ಬಿಡುವೂ ಸಿಗಲಿಲ್ಲ. ಆ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಚಲಾಯಿಸಿ, ರಾಜ್ಯದೊಳಗಿನ ಉತ್ಪಾದಕರು ಕರೆಂಟನ್ನು ಹೊರಗೆ ಮಾರದಂತೆ ತಡೆಯಿತು. ಪಂಪ್‌ಸೆಟ್‌ಗಳ ಏಳು ತಾಸಿನ ತ್ರೀಫೇಸನ್ನು ಐದಕ್ಕೆ ಇಳಿಸಿತು. ರೈತರ ಪ್ರತಿಭಟನೆಯ ಬಳಿಕ ನವೆಂಬರ್‌ನಲ್ಲಿ ಮತ್ತೆ ಏಳು ತಾಸಾಯಿತು. ಬಾದಾಮಿಯ ಮಲಪ್ರಭಾ ದಂಡೆಯಲ್ಲಿ ಆ ಎರಡು ತಾಸು ಎಂದರೆ ಬಾಡುವ ಬೆಳೆ. ವಿದ್ಯುತ್ ಖರೀದಿಯ ಲೆಕ್ಕದಲ್ಲಿ ಅದೇ ಎರಡು ತಾಸು ಉಳಿತಾಯ: ಕೊಳ್ಳಲಿಲ್ಲ, ಖರ್ಚಾಗಲಿಲ್ಲ.

ಯಾವ ಸ್ಥಾವರ ಯಾವ ಹೊತ್ತಿಗೆ ಎಷ್ಟು ಮೆಗಾವಾಟ್ ಕೊಡಬೇಕು ಎಂಬ ತೀರ್ಮಾನ ದಿನೇದಿನೇ ಸಾಫ್ಟ್‌ವೇರ್‌ನ ಪಾಲಾಗುತ್ತಿರುವಾಗ ಈ ಲೆಕ್ಕವನ್ನು ತಿದ್ದಿಕೊಳ್ಳುವುದು ತುರ್ತಿನ ಕೆಲಸ. ಅಂತರರಾಜ್ಯ ಉಷ್ಣ ಸ್ಥಾವರಗಳಿಗೆ ಇಂಥ ಗಣಕ ವ್ಯವಸ್ಥೆ 2019ರ ಏಪ್ರಿಲ್ 1ರಂದೇ ಪ್ರಾಯೋಗಿಕವಾಗಿ ಶುರುವಾಗಿದೆ. ದಿನವನ್ನು ಹದಿನೈದು ನಿಮಿಷದ 96 ಭಾಗ ಮಾಡಿ, ಪ್ರತಿ ಭಾಗದಲ್ಲೂ ಅತಿ ಕಡಿಮೆ ಇಂಧನ ವೆಚ್ಚಕ್ಕೆ ಬೇಡಿಕೆ ಪೂರೈಸುವುದು ಅದರ ಕೆಲಸ. ಸ್ಥಿರ ವೆಚ್ಚವನ್ನು ಹೇಗೂ ತೆರಲೇಬೇಕಾದ್ದರಿಂದ ಅದು ಈ ಹೋಲಿಕೆಯೊಳಗೆ ಬರುವುದಿಲ್ಲ.

ಯಂತ್ರದ ನೆರವು ಬೇಕೇಬೇಕು. ದರಪಟ್ಟಿ ಮುಂದಿಟ್ಟುಕೊಂಡು ಅಗ್ಗದ್ದನ್ನು ಮೊದಲು ಕರೆಯುತ್ತ ಹೋದರೆ ಸಾಕಾಗುವ ಕಾಲ ಮುಗಿದಿದೆ. ಕೂಡಗಿಯ ಉಷ್ಣ ಸ್ಥಾವರವನ್ನೇ ನೋಡಿ. ಅಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳಿವೆ; ದಕ್ಷಿಣದ ರಾಜ್ಯಗಳು ತಂತಮ್ಮ ಪಾಲನ್ನು ಬೇಕಾದಷ್ಟು ಕೇಳಿ ಪಡೆಯುತ್ತವೆ. ಶೇ 55ರ ಕನಿಷ್ಠ ಮಿತಿಯಂತೆ ಒಂದು ಘಟಕವನ್ನು 440 ಮೆಗಾವಾಟ್‌ಗಿಂತ ಕೆಳಗೆ ಇಳಿಸುವಂತಿಲ್ಲ. ಪೂರ್ತಿ ಆರಿಸಿದರೆ ಮತ್ತೆ ಹೊತ್ತಿಸಲು ತಾಸುಗಟ್ಟಲೆ ಬೇಕು. ಮಧ್ಯಾಹ್ನ ಪಾವಗಡದ ಸೌರ ವಿದ್ಯುತ್ ಹರಿದು ಬರುವಾಗ ಕೂಡಗಿ ಬೇಡ ಅನ್ನಿಸುತ್ತದೆ. ಸೂರ್ಯ ಮುಳುಗಿದ ಕೂಡಲೇ ಅದೇ ಬೇಕು. ಇದರ ಜೊತೆಗೆ ಗದಗ, ಕೊಪ್ಪಳದ ಗಾಳಿಯ ಏರಿಳಿತ, ಲೈನುಗಳ ಮಿತಿ. ಇಷ್ಟನ್ನೂ ಒಟ್ಟಿಗೆ ತೂಗುವುದು ಮನುಷ್ಯರ ತಲೆಲೆಕ್ಕಕ್ಕೆ ನಿಲುಕುವಂಥದ್ದಲ್ಲ.

ತಕರಾರಿರುವುದು ಯಂತ್ರಕ್ಕೆ ನಾವು ಉಣಿಸುವ ಅಂಕಿಗಳ ಬಗ್ಗೆ. ನೀರನ್ನೇ ತೆಗೆದುಕೊಳ್ಳಿ. ಆಲಮಟ್ಟಿಯ 290 ಮೆಗಾವಾಟ್ ವಿದ್ಯುದಾಗಾರಕ್ಕೆ ತನ್ನ ಇಷ್ಟದ ಹೊತ್ತಿಲ್ಲ. ಪ್ರವಾಹ ಮತ್ತು ನೀರಾವರಿಗಾಗಿ ನೀರು ಬಿಟ್ಟಾಗ ಅದು ತಿರುಗುತ್ತದೆ. 1,035 ಮೆಗಾವಾಟ್‌ನ ಶರಾವತಿ ಹಾಗಲ್ಲ. ಅಲ್ಲಿ ನೀರನ್ನು ಕಾದಿಟ್ಟು ಬೇಕಾದಾಗ ಬಳಸಬಹುದು. ಕಲ್ಲಿದ್ದಲಿನ ಬಿಲ್ಲಿಲ್ಲವೆಂದು ಆ ನೀರಿನ ದರವನ್ನು ಸೊನ್ನೆ ಎಂದು ಬರೆದರೆ ಯಂತ್ರ ಮೊದಲು ಅದನ್ನೇ ಬರಿದು ಮಾಡುತ್ತದೆ. ಏಪ್ರಿಲ್‌ನಲ್ಲಿ ಅದರ ಬದಲಿಗೆ ಎಷ್ಟು ತೆತ್ತು ಕರೆಂಟು ಕೊಳ್ಳಬೇಕಾದೀತೋ ಅದೇ ಇಂದಿನ ನೀರಿನ ನಿಜವಾದ ದರ.

ಇದಕ್ಕಿಂತ ದೊಡ್ಡ ಅಂಕಿ ಇನ್ನೊಂದಿದೆ: ಕೊಡದೇ ಹೋದ ಒಂದು ಯೂನಿಟ್‌ನ ಬೆಲೆ. ಕೊರತೆ ಬಂದಾಗ ಹೆಚ್ಚಿನ ದರಕ್ಕೆ ಕೊಳ್ಳಬೇಕೋ ಫೀಡರ್ ಆರಿಸಬೇಕೋ ಎಂಬುದು ಈ ಅಂಕಿಯ ಮೇಲೆ ನಿಂತಿದೆ. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಯೂನಿಟ್‌ಗೆ 10 ರೂಪಾಯಿವರೆಗೂ ದರ ಏರುವ ಹೊತ್ತಿನಲ್ಲಿ, ಸಹಾಯಧನದಿಂದ ನಡೆಯುವ ಪಂಪ್‌ಸೆಟ್ ಆರಿಸುವುದೇ ಅಗ್ಗವಾಗಿ ಕಾಣುತ್ತದೆ. ಆದರೆ ಕರೆಂಟು ಹೋದಾಗಿನ ನಷ್ಟ ನೋಡಿ: ಪವರ್‌ಲೂಮ್ ನೇಕಾರನಿಗೆ ನೇಯ್ದಷ್ಟಕ್ಕೇ ಕೂಲಿ. ಮಗ್ಗ ನಿಂತ ತಾಸಿಗೆ ಬಿಡಿಗಾಸಿಲ್ಲ. ಇಳಕಲ್‌ನ ಗ್ರಾನೈಟ್ ಘಟಕದಲ್ಲಿ ಯಂತ್ರ ನಿಂತರೂ ಆಳುಗಳ ಪಗಾರ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಈ ನಷ್ಟ ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂನ ಬಿಲ್ಲಿನಲ್ಲಿ ಕಾಣದು. ಅದಕ್ಕೆ ಸೊನ್ನೆ ಬರೆದರೆ ಕತ್ತಲೆಯೇ ಅತ್ಯಂತ ಮಿತವ್ಯಯದ ಉತ್ತರ ಎಂದು ಯಂತ್ರ ಹೇಳುತ್ತದೆ, ಮತ್ತು ಆ ಲೆಕ್ಕದ ಪ್ರಕಾರ ಅದು ಸರಿಯಾಗಿಯೇ ಇರುತ್ತದೆ.

ಬೇಡಿಕೆಯನ್ನು ಕತ್ತರಿಸುವುದಕ್ಕೂ ಸರಿಸುವುದಕ್ಕೂ ವ್ಯತ್ಯಾಸವಿದೆ. ಹುನಗುಂದದ ರಾಮಥಾಳ-ಮರೋಳ ಹನಿ ನೀರಾವರಿಯ ಗುರಿ 24,000 ಹೆಕ್ಟೇರ್. ನೀರನ್ನು ಮೇಲಕ್ಕೆತ್ತಲು ಅದಕ್ಕೆ ಕರೆಂಟು ಬೇಕು. ಇಂಥ ಪಂಪುಗಳನ್ನೂ ಕೃಷಿ ಫೀಡರುಗಳನ್ನೂ ಸೌರ ವಿದ್ಯುತ್ ಹೇರಳವಾಗಿರುವ ಹೊತ್ತಿಗೆ ಹೊಂದಿಸುವ ಕೆಲಸವೂ ಅದೇ ಸಾಫ್ಟ್‌ವೇರ್‌ಗೆ ಸೇರಲಿ. ಮರುದಿನದ ಪಾಳಿ ಹಿಂದಿನ ಸಂಜೆಯೇ ರೈತರ ಮೊಬೈಲಿಗೆ ಬರಲಿ. ಆಗ ಅಗ್ಗದ ಕರೆಂಟೂ ವ್ಯರ್ಥವಾಗದು, ರೈತ ರಾತ್ರಿ ಹಾವು ಚೇಳುಗಳ ನಡುವೆ ಹೊಲಕ್ಕೆ ಹೋಗುವುದೂ ತಪ್ಪುತ್ತದೆ.

2003ರ ವಿದ್ಯುತ್ ಕಾಯ್ದೆಯ 32ನೇ ಸೆಕ್ಷನ್, ರಾಜ್ಯದೊಳಗೆ ವಿದ್ಯುತ್ತನ್ನು ಅತ್ಯುತ್ತಮವಾಗಿ ಹಂಚುವ ಹೊಣೆಯನ್ನು ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ವಹಿಸಿದೆ. ಯಾರಿಗೆ ಅತ್ಯುತ್ತಮ ಎಂಬುದು ಪ್ರೋಗ್ರಾಂ ಬರೆಯುವವರ ಮೇಜಿನ ಮೇಲೆ ತೀರ್ಮಾನವಾಗಬಾರದು. ಪ್ರತಿ ಸ್ಥಾವರದ ಇಂಧನ ದರ, ನೀರಿಗೆ ಕಟ್ಟಿದ ಬೆಲೆ, ಕೊಡದ ಯೂನಿಟ್‌ಗೆ ಕಟ್ಟಿದ ಬೆಲೆ, ಈ ಮೂರೂ ತಿಂಗಳಿಗೊಮ್ಮೆ ಪ್ರಕಟವಾಗಲಿ. ಅಗ್ಗದ ಸ್ಥಾವರ ಬಿಟ್ಟು ದುಬಾರಿಯದನ್ನು ಓಡಿಸಿದಾಗ ಕಾರಣವೂ ದಾಖಲಾಗಲಿ. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಜನರ ಅಹವಾಲು ಕೇಳುತ್ತದೆ. ಕೊಡದ ಯೂನಿಟ್‌ನ ಬೆಲೆಯನ್ನೂ ಹಾಗೆಯೇ ಕೇಳಿ ನಿಗದಿ ಮಾಡಲಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಓಣಿಗಳನ್ನು ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡ ಊರು ಬಾಗಲಕೋಟೆ. ಕೂಡಗಿ ಬಳಸುವುದೂ ಅದೇ ಆಲಮಟ್ಟಿಯ ನೀರನ್ನು. ಆದ್ದರಿಂದ ಅಂಥ ಮೊದಲ ಅಹವಾಲು ಸಭೆ ಬಾಗಲಕೋಟೆಯಲ್ಲೇ ನಡೆಯಲಿ. ನೇಕಾರ, ರೈತ, ಕಲ್ಲಿನ ಘಟಕದ ಕೆಲಸಗಾರ ತಮ್ಮ ನಷ್ಟದ ಲೆಕ್ಕ ತಾವೇ ಕೊಡಲಿ.