ಮಾತ್ರೆಯೂ ಇರಲಿ, ಸಿರಿಂಜೂ ಇರಲಿ



2015ರಲ್ಲಿ ನಮ್ಮ ದೇಶದಲ್ಲಿ ಆದ ಗರ್ಭಪಾತಗಳು ಅಂದಾಜು 1.56 ಕೋಟಿ. ಅದರಲ್ಲಿ ನೂರಕ್ಕೆ 73 ಆದದ್ದು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ. ಮೆಡಿಕಲ್ ಶಾಪಿಗೆ ಹೋಗುವವನು ಬಹಳ ಸಲ ಗಂಡ. ಮಾತ್ರೆಗಳ ಕಿಟ್ ತರುತ್ತಾನೆ, ಹೇಗೆ ತೆಗೆದುಕೊಳ್ಳಬೇಕೆಂಬುದನ್ನು ಅರ್ಧಂಬರ್ಧ ಕೇಳಿಸಿಕೊಂಡಿರುತ್ತಾನೆ.

ಮಾತ್ರೆಯನ್ನು ನಾವು ದೂರುತ್ತಿಲ್ಲ. ಮೊದಲು ಮಿಫೆಪ್ರಿಸ್ಟೋನ್ ಒಂದು, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್ ನಾಲ್ಕು. ಒಂಬತ್ತು ವಾರದೊಳಗೆ ಸರಿಯಾಗಿ ತೆಗೆದುಕೊಂಡರೆ ನೂರರಲ್ಲಿ ಸುಮಾರು 95 ಮಂದಿಗೆ ಅಲ್ಲಿಗೇ ಮುಗಿಯುತ್ತದೆ. ಆದರೆ ರಕ್ತ ಹೋಗುವುದು ಮನೆಯಲ್ಲಿ, ಕೆಲವರಿಗೆ ಎರಡು ವಾರದವರೆಗೂ. ಬಚ್ಚಲು ಹಿತ್ತಲಲ್ಲಿದ್ದು, ಅತ್ತೆಗೆ ವಿಷಯ ಗೊತ್ತಾಗಬಾರದು, ನಾಳೆಯ ಕೂಲಿ ತಪ್ಪಬಾರದು ಎನ್ನುವವಳಿಗೆ ಇದು ಸಣ್ಣ ಮಾತೇ? ದೇಶದ ನೂರು ಹೆಂಗಸರಲ್ಲಿ 57 ಮಂದಿಗೆ ಮೊದಲೇ ರಕ್ತಹೀನತೆ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರಂತೂ ಈ ಮಾತ್ರೆ ಕೆಲಸವನ್ನೇ ಮಾಡುವುದಿಲ್ಲ, ಜೀವಕ್ಕೇ ಅಪಾಯ. (ಗಂಟೆಗೆ ಎರಡು ಪ್ಯಾಡಿನಂತೆ ಎರಡು ಗಂಟೆ ಒದ್ದೆಯಾದರೆ, ಜ್ವರ ಬಂದರೆ, ತಡಮಾಡದೆ 108ಕ್ಕೆ ಫೋನ್ ಮಾಡಿ.)

ಮನೆಯಲ್ಲಿ ರಕ್ತಸ್ರಾವ ನಿಭಾಯಿಸಲಾಗದವಳಿಗೆ ಎಂವಿಎ, ಅಂದರೆ ಗರ್ಭವನ್ನು ಹೀರಿ ತೆಗೆಯುವ ವಿಧಾನ, ಒಳ್ಳೆಯದು. ಕೈಯಲ್ಲಿ ಹಿಡಿಯುವ ದೊಡ್ಡ ಪ್ಲಾಸ್ಟಿಕ್ ಸಿರಿಂಜು, ಅಷ್ಟೇ. ಕರೆಂಟು ಬೇಡ, ಪೂರ್ತಿ ಮತ್ತು ಬರಿಸುವುದೂ ಬೇಡ. ಹನ್ನೆರಡು ವಾರದೊಳಗಾದರೆ ಹದಿನೈದು ನಿಮಿಷದ ಕೆಲಸ. ಬೆಳಿಗ್ಗೆ ಬಂದವಳು ಸಂಜೆ ಬಸ್ಸಿಗೆ ಊರು ಸೇರಬಹುದು. ಆದರೂ ಎಷ್ಟೋ ಕಡೆ ‘ಕ್ಲೀನ್ ಮಾಡೋದು’ ಎಂದರೆ ಇವತ್ತಿಗೂ ಕೆರೆದು ತೆಗೆಯುವ ಡಿ ಅಂಡ್ ಸಿ. ಅದನ್ನು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ.

ಹೆಣ್ಣು ಭ್ರೂಣಹತ್ಯೆಯ ಹೆಸರಲ್ಲಿ ಕಿಟ್‌ಗಳ ಮೇಲೆ ಕಣ್ಣಿಡುವವರಿಗೂ ಒಂದು ಮಾತು. 2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಭ್ರೂಣದ ಲಿಂಗ ಪತ್ತೆಗೆ ಸ್ಕ್ಯಾನಿಂಗ್ ನಡೆಸುತ್ತಿದ್ದವರು ಸಿಕ್ಕಿಬಿದ್ದರಲ್ಲ, ಅಂಥವರನ್ನು ಹಿಡಿಯಲೇಬೇಕು. ಆದರೆ ಸ್ಕ್ಯಾನಿಂಗ್‌ನಲ್ಲಿ ಹೆಣ್ಣೋ ಗಂಡೋ ಎಂದು ತಿಳಿಯುವುದು ಹನ್ನೆರಡು ವಾರ ದಾಟುವ ಹೊತ್ತಿಗೆ. ಕಿಟ್‌ನ ಅವಧಿ ಒಂಬತ್ತು ವಾರಕ್ಕೇ ಮುಗಿದಿರುತ್ತದೆ. ಅಂಗಡಿಯವರು ಹೆದರಿ ಕಿಟ್ ತರಿಸುವುದನ್ನೇ ಬಿಟ್ಟರೆ ಚೀಟಿ ಹಿಡಿದು ಬಂದವಳೂ ಬರಿಗೈಲಿ ಹೋಗಬೇಕು. ಹೀಗೆ ವಾರಗಳು ಕಳೆದಷ್ಟೂ ಅಪಾಯ ಅವಳಿಗೇ.

1971ರ ಗರ್ಭಪಾತ ಕಾನೂನಿನ ಪ್ರಕಾರ ಹದಿನೆಂಟು ತುಂಬಿದವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಕೇಳುವ ಹಾಗಿಲ್ಲ. ‘ಸಂತಾನಹರಣ ಆಪರೇಷನ್ ಮಾಡಿಸಿಕೊಂಡರೆ ಮಾತ್ರ’ ಎಂದು ಷರತ್ತು ಹಾಕುವ ಹಾಗೂ ಇಲ್ಲ. 2021ರ ತಿದ್ದುಪಡಿಯ ನಂತರ, ಗರ್ಭನಿರೋಧಕ ವಿಫಲವಾಯಿತೆಂಬ ಕಾರಣಕ್ಕೆ ಗರ್ಭಪಾತ ಮಾಡಿಸಿಕೊಳ್ಳುವ ಹಕ್ಕು ಮದುವೆಯಾಗದವಳಿಗೂ ಇದೆ.

ಬಾಂಗ್ಲಾದೇಶದಲ್ಲಿ 1979ರಿಂದ ಹಳ್ಳಿಯ ಮಟ್ಟದ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಎಂವಿಎ ಸಿರಿಂಜು ಹಿಡಿದಿದ್ದಾರೆ. ನೇಪಾಳದಲ್ಲಿ ತರಬೇತಿ ಪಡೆದ ದಾದಿಯರೇ ಮಾತ್ರೆ ಕೊಡುತ್ತಾರೆ. ನಮ್ಮಲ್ಲಿ ಕಾನೂನು ಈ ಕೆಲಸವನ್ನು ಡಾಕ್ಟರಿಗೆ ಮಾತ್ರ ಬಿಟ್ಟಿದೆ, ಆ ಡಾಕ್ಟರೇ ಎಷ್ಟೋ ಕಡೆ ಸಿಗುವುದಿಲ್ಲ. ಈ ಕಾನೂನು ಸಡಿಲಾಗಬೇಕು. ಅಲ್ಲಿಯವರೆಗೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಿಟ್ ಇದೆಯೇ? ಎಂವಿಎ ಸಿರಿಂಜು ಇದೆಯೇ? ಅದನ್ನು ಬಳಸಬಲ್ಲ ಡಾಕ್ಟರು ವಾರದಲ್ಲಿ ಯಾವ ದಿನ ಸಿಗುತ್ತಾರೆ?